ಪುಸ್ತಕದಲ್ಲಿಲ್ಲದ ಪ್ರಬಂಧ

ನಮ್ಮ ಮನೆಯಲ್ಲಿ ಓದುವವಳು ನಾನು. ಓದಿದವರು ಅನ್ನಿಸಿಕೊಳ್ಳುವವರು ನಮ್ಮ ಯಜಮಾನರು.

ಮನುಷ್ಯರ ಬಗ್ಗೆ, ಅವರು ಬದುಕುವ ಜಗತ್ತಿನ ಬಗ್ಗೆ ಬರೆದ ಪ್ರಬಂಧಗಳ ಪುಸ್ತಕವೊಂದು ಹೋದ ವರ್ಷ ಕೈಗೆ ಸಿಕ್ಕಿತು. ಎಂಥಾ ಖುಷಿ ಅಂತೀರಿ! ಇರುವೆ ಸಾಲಿನಿಂದ ಶುರುವಾಗಿ ಊರು ಕಟ್ಟುವ ಮನುಷ್ಯನ ಹಟದವರೆಗೆ ಹೋಗುವ ಒಂದು ಪ್ರಬಂಧವನ್ನು ಮೂರು ಸಲ ಓದಿದೆ. ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ. ತಡೆಯಲಾರದೆ ಊಟಕ್ಕೆ ಬಡಿಸುತ್ತಾ ಯಜಮಾನರಿಗೆ ಹೇಳಿದೆ. ಅವರು ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರಿಗೆ ಹೇಳಿದರು, ತಾವೇ ಓದಿದ ಹಾಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ದಿನಾ ಇದೇ ಆಯಿತು. ಕೊನೆಗೆ ನಮ್ಮ ಕೃಷ್ಣಮೂರ್ತಿಪುರಂ ಬಡಾವಣೆಯ ಸಂಘದವರು ಆ ಪುಸ್ತಕದ ಬಗ್ಗೆ ಮಾತಾಡಲು ಅವರನ್ನೇ ಕರೆದರು.

“ಕೊನೇ ಪ್ರಬಂಧ ಉಳಿದಿದೆ ಅಂದ್ಯಲ್ಲ, ಬೇಗ ಓದಿ ಹೇಳ್ಬಿಡೇ. ನಾಳೆ ಸಂಜೆ ಭಾಷಣ.”

“ನೀವೇ ಓದಬಾರ್ದೇನ್ರೀ? ಹತ್ತೇ ಪುಟ.”

“ಕನ್ನಡಕ ಸರಿಯಿಲ್ಲ ಕಣೇ.”

ಪೇಪರ್ ಓದುವಾಗ ಅದೇ ಕನ್ನಡಕ ಸರಿಯಿರುತ್ತದೆ!

ಮೈಯೆಲ್ಲ ಉರಿದುಹೋಯಿತು. ಸಭೆಯಲ್ಲಿ ಸಿಕ್ಕಿಬೀಳಲಿ ಎಂದು ಪುಸ್ತಕದಲ್ಲಿಲ್ಲದ ಪ್ರಬಂಧವೊಂದನ್ನು ನಾನೇ ಕಟ್ಟಿ ಹೇಳಿದೆ. ಒಬ್ಬ ಹೆಂಗಸಿದ್ದಾಳೆ. ಅವಳ ಜಗತ್ತು ಒಲೆಯಿಂದ ಸಿಂಕಿಗೆ ನಾಲ್ಕು ಹೆಜ್ಜೆ. ಅವಳು ಓದಿದ್ದು, ಯೋಚಿಸಿದ್ದು ಎಲ್ಲ ಗಂಡನ ಬಾಯಲ್ಲಿ ಮನೆಯಿಂದ ಹೊರಗೆ ಹೋಗುತ್ತದೆ. ಅವಳು ಮಾತ್ರ ಹೋಗುವುದಿಲ್ಲ. ಇವರು ತಲೆ ಬಗ್ಗಿಸಿಕೊಂಡು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಮಾರನೆಯ ಸಂಜೆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಪುಸ್ತಕ ಓದಿದ ಯಾರಾದರೂ ಎದ್ದು, “ಇದು ಅದರಲ್ಲಿ ಇಲ್ವಲ್ಲ ಸ್ವಾಮಿ” ಅಂದೇ ಅನ್ನುತ್ತಾರೆ. ಆಗಲಾದರೂ ಇವರು, “ಓದಿದ್ದು ನಾನಲ್ಲ, ನನ್ನ ಹೆಂಡತಿ” ಅನ್ನಲೇಬೇಕಲ್ಲ! ಅದೊಂದು ಮಾತು ನಾಲ್ಕು ಜನರ ಮುಂದೆ ಬಂದರೆ ಸಾಕಿತ್ತು ನನಗೆ.

ಬಂದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಸಭೆಗೆ ಬಂದಿದ್ದ ಪುಣ್ಯಾತ್ಮರಲ್ಲಿ ಒಬ್ಬರೂ ಪುಸ್ತಕ ಬಿಚ್ಚಿಯೂ ನೋಡಿರಲಿಲ್ಲ.

“ಆ ಕೊನೇದು ಇದ್ಯಲ್ಲ, ಎಲ್ರೂ ಕಣ್ಣೊರೆಸ್ಕೊಂಡ್ರು ಕಣೇ! ಹೇಳ್ತಾ ಹೇಳ್ತಾ ನಂಗೂ ಅಳು ಬಂದ್ಬಿಡ್ತು. ಪಾಪ, ಎಂಥಾ ಗಂಡ ಸಿಕ್ಕಿದ್ನೋ ಅವಳಿಗೆ!”

ಅವರ ಮುಖವನ್ನೇ ನೋಡಿದೆ. ನಿಜವಾಗಿಯೂ ಕಣ್ಣು ಒದ್ದೆಯಾಗಿತ್ತು.

ಬುಟ್ಟಿ ನನ್ನ ಕೈಗೆ ಕೊಟ್ಟು, ಎರಡು ಸೇಬು ತೊಳೆದು ಹೆಚ್ಚಿಕೊಂಡು ಬಾ ಅಂದರು. ಸಿಂಕಿನ ಹತ್ತಿರ ಹೋದೆ.