ಅಣ್ಣನ ಪರವಾಗಿ ಹಳೇಬೀಡಿಗೆ

ಡಿಸೆಂಬರ್ ತಿಂಗಳ ಒಂದು ಶುಕ್ರವಾರ, ಚಳಿ ಆಗಷ್ಟೇ ಬಿಗಿಯಾಗುತ್ತಿದ್ದಾಗ, ನಾನು ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಅರಸೀಕೆರೆಗೆ ಹೊರಟೆ. ಹೊಳೆನರಸೀಪುರದವರೆಗೂ ಕಿಟಕಿಯಾಚೆ ಬರೀ ಮಂಜು. ಹಾಸನ ದಾಟಿದ ಮೇಲೆ ಬಿಸಿಲು ಬಂತು, ಆಮೇಲೆ ತೆಂಗಿನ ತೋಟಗಳು. ಊರು ನೋಡುವ ಆಸೆಯಿಂದ ಹೊರಟ ಪ್ರವಾಸ ಇದಾಗಿರಲಿಲ್ಲ. ಅಣ್ಣ ಕರೆಸಿಕೊಂಡಿದ್ದ.

ನನ್ನ ಅಣ್ಣ ಜಯರಾಜ್ ರೈಲ್ವೆಯಲ್ಲಿದ್ದು ನಿವೃತ್ತನಾದವನು, ಅರಸೀಕೆರೆಯ ಕ್ರೈಸ್ತ ಸಭೆಯಲ್ಲಿ ಹಿರಿಯ. ಅವನ ಒಬ್ಬಳೇ ಮಗಳು ಕೃಪಾ ಹಳೇಬೀಡಿನ ಶಾಲೆಯೊಂದರಲ್ಲಿ ಟೀಚರ್. ಅಲ್ಲೇ ಮೇಷ್ಟರಾಗಿರುವ ಮಂಜುನಾಥನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಬಸ್ತಿಹಳ್ಳಿಯ ಗೌಡರ ಮನೆಯವನು. ಅಂದಿನಿಂದ ಅಣ್ಣ ಮಗಳ ಜೊತೆ ಮಾತು ಬಿಟ್ಟಿದ್ದ. ಈಗ ಅವಳಿಗೆ ಎಂಟು ತಿಂಗಳ ಹೆಣ್ಣು ಮಗುವಿತ್ತು.

ಮಧ್ಯಾಹ್ನ ಅತ್ತಿಗೆ ಶಾಂತಾ ಊಟ ಬಡಿಸುತ್ತಿದ್ದಾಗ ಅಣ್ಣ ವಿಷಯಕ್ಕೆ ಬಂದ.

"ನೀನು ಹೋಗಿ ನೋಡ್ಕೊಂಡು ಬಾ ಸುಗುಣಾ. ಹಣೆಗೆ ಕುಂಕುಮ ಇಡ್ತಾಳಾ, ಅವರ ದೇವರಿಗೆ ಕೈ ಮುಗೀತಾಳಾ, ಮನೇಲಿ ಪ್ರಾರ್ಥನೆ ಅಂತ ಏನಾದ್ರೂ ಉಳಿದಿದೆಯಾ ನೋಡು. ನಾನು ಆ ಮನೆ ಹೊಸಿಲು ತುಳಿಯೋದಾ ಬೇಡ್ವಾ ಅಂತ ಆಮೇಲೆ ತೀರ್ಮಾನ ಮಾಡ್ತೀನಿ."

ನಾನು ಒಪ್ಪಿಕೊಂಡೆ. ಅಂಥ ಕೆಲಸಕ್ಕೆ ನಾನೇ ಸರಿಯಾದವಳು ಎಂದು ನನಗೂ ಅನಿಸಿತ್ತು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಅರ್ಧ ಆಯುಷ್ಯ ಕಳೆದವಳು ನಾನು. ನನ್ನ ನಂಬಿಕೆಯ ಬಗ್ಗೆ ನನಗೆ ಅನುಮಾನ ಇರಲಿಲ್ಲ, ಇಂದಿಗೂ ಇಲ್ಲ. ಹೊರಡುವಾಗ ಅತ್ತಿಗೆ ಬಾಗಿಲವರೆಗೆ ಬಂದು, ತಾನೇ ಹೆಣೆದ ಹಳದಿ ಸ್ವೆಟರನ್ನು ನನ್ನ ಚೀಲಕ್ಕೆ ತುರುಕಿದರು. "ನಿಮ್ಮಣ್ಣನ ಮುಂದೆ ಇದರ ಸುದ್ದಿ ಎತ್ತಬೇಡ" ಎಂದು ಪಿಸುಗುಟ್ಟಿದರು.

ಸರ್ಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ. ಹಾಗಾಗಿ ಬಸ್ಸು ತುಂಬ ಹೆಂಗಸರೇ. ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರುವಾಗ ಕೆರೆಯ ಮೇಲೆ ಸಂಜೆಬಿಸಿಲು ಬಿದ್ದಿತ್ತು. ಬಸ್‌ಸ್ಟ್ಯಾಂಡಿಗೆ ಕೃಪಾ ಬಂದಿದ್ದಳು. ಮೊದಲು ನಾನು ನೋಡಿದ್ದು ಅವಳ ಹಣೆಯನ್ನು. ಬೋಳಾಗಿತ್ತು. ಅವಳಿಗೆ ಅದು ಗೊತ್ತಾಯಿತು.

"ಬೆಳಿಗ್ಗೆ ಸ್ಟಿಕ್ಕರ್ ಇಟ್ಕೊಂಡಿದ್ದೆ, ಸುಗುಣತ್ತೆ. ಬಿದ್ದುಹೋಯ್ತು" ಎಂದು ನಕ್ಕಳು.

ಬಸ್ತಿಹಳ್ಳಿ ಹಳೇಬೀಡಿಗೆ ಅಂಟಿಕೊಂಡೇ ಇದೆ. ದಾರಿಯಲ್ಲಿ ಜೈನ ಬಸದಿಗಳಿಗೆ ಕರೆದುಕೊಂಡು ಹೋದಳು. ಒಳಗೆ ತಂಪು, ಕತ್ತಲು, ಎಣ್ಣೆ ಹಚ್ಚಿದಂತೆ ಹೊಳೆಯುವ ಕಂಬಗಳು. ಕಂಕುಳಲ್ಲಿದ್ದ ಮಗು ಕಂಬವನ್ನು ನೆಕ್ಕಲು ನೋಡಿತು. ನಾನೂ ಕಂಬ ಮುಟ್ಟಿ ನೋಡಿದೆ, ಆದರೆ ಮನಸ್ಸೆಲ್ಲ ಆ ಮನೆಯ ಕಡೆಗೇ ಇತ್ತು.

ಮನೆಯ ನಡುಮನೆಯಲ್ಲಿ ದೇವರ ಗೂಡು, ಅದರೊಳಗೆ ದೀಪ. ಎದುರು ಗೋಡೆಗೆ ಒಂದು ಮರದ ಶಿಲುಬೆ. ಎರಡನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮಂಜುನಾಥನ ತಾಯಿ ಗೌರಮ್ಮ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನಾನು ಹಸಿದಿದ್ದೆ, ತಟ್ಟೆಗೆ ಕೈ ಹಾಕಿಬಿಟ್ಟೆ.

"ಇರ್ರೀ ತಾಯಿ," ಎಂದರು ಗೌರಮ್ಮ, ಸೌಟು ಹಿಡಿದೇ. "ಕೃಪಾ ಪ್ರಾರ್ಥನೆ ಮಾಡ್ಕಂಡೇ ಉಣ್ಣೋದು. ನೀವೂ ಮಾಡ್ತೀರೇನೋ ಅಂತ ನಾವು ಕಾಯ್ತಾ ಇದ್ದೀವಿ."

ಮಂಜುನಾಥ ತಲೆ ತಗ್ಗಿಸಿ ಕೂತಿದ್ದ. ಕೃಪಾ ಕಣ್ಣು ಮುಚ್ಚಿದ್ದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಮರುದಿನ ಶನಿವಾರ ಬೇಲೂರು. ಹಳೇಬೀಡಿನಿಂದ ಹದಿನಾರು ಕಿಲೋಮೀಟರ್. ಮೊಮ್ಮಗಳನ್ನು ಚೆನ್ನಕೇಶವನಿಗೆ ತೋರಿಸುವ ಹರಕೆ ಗೌರಮ್ಮನದು. ನೋಡಬೇಕಾದದ್ದು ಇಲ್ಲೇ ಎಂದುಕೊಂಡು ನಾನು ಕೃಪಾಳ ಪಕ್ಕ ಬಿಡದೆ ನಡೆದೆ. ಗುಡಿಯ ಬಾಗಿಲಲ್ಲಿ ಅವಳು ಮಗುವನ್ನು ಗೌರಮ್ಮನ ಕೈಗೆ ಕೊಟ್ಟು ಹೊರಗೇ ನಿಂತಳು. "ಒಳಕ್ಕೆ ಬಾ" ಎಂದು ಯಾರೂ ಅವಳನ್ನು ಕರೆಯಲಿಲ್ಲ. ಗೌರಮ್ಮ ಮಗುವಿನ ಟೋಪಿ ಸರಿಮಾಡಿಕೊಂಡು, ಮಗನ ಜೊತೆ ಒಳಗೆ ಹೋದರು.

ಪ್ರಾಂಗಣದ ಕಲ್ಲುಹಾಸು ಬಿಸಿಲಿಗೆ ಹದವಾಗಿ ಕಾದಿತ್ತು, ನಾವಿಬ್ಬರೂ ಅಲ್ಲೇ ಕೂತೆವು. ಶಾಲೆಯ ಮಕ್ಕಳು ಸಾಲಾಗಿ ಗೋಡೆಯ ಆನೆಗಳನ್ನು ಎಣಿಸುತ್ತಿದ್ದವು. ನಾನು ಕೇಳಿಯೇಬಿಟ್ಟೆ.

"ಮಗೂಗೆ ದೀಕ್ಷಾಸ್ನಾನ ಮಾಡಿಸ್ತೀಯಾ?"

"ಅಪ್ಪ ಕೇಳಿಕೊಂಡು ಬಾ ಅಂದ್ರಾ?"

ನಾನು ಆನೆ ಎಣಿಸುವ ಮಕ್ಕಳ ಕಡೆ ತಿರುಗಿದೆ.

"ಅಪ್ಪ ಬಂದು ಕೇಳಿದ್ರೆ ಹೇಳ್ತೀನಿ, ಅತ್ತೆ. ನಿಮ್ಮ ಮೇಲೆ ಕೋಪ ಇಲ್ಲ" ಎಂದವಳು ಮುಖ ಆಚೆ ತಿರುಗಿಸಿಕೊಂಡಳು.

ಗೌರಮ್ಮ ಹೊರಬಂದು ಮಗುವನ್ನು ನೇರ ನನ್ನ ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತರು.

"ನಮ್ಮ ಸ್ವಾಮಿಗೆ ತೋರಿಸಿದ್ದಾಯ್ತು. ನಿಮ್ಮ ಸ್ವಾಮಿಗೆ ತೋರ್ಸೋರು ಯಾರು? ತಾತ ತಾನೆ? ಯಾಕ್ರೀ ಬರಲ್ಲ ಅವ್ರು?"

ನಾನು ಮಗುವನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡೆ. ಗೌರಮ್ಮನೇ ಮುಂದುವರಿಸಿದರು.

"ಕೃಪಾ ದಿನಾ ಸಂಜೆ ಒಂದು ಪ್ರಾರ್ಥನೆ ಹೇಳ್ತಾಳೆ. ಕೇಳಿ ಕೇಳಿ ನಂಗೂ ಬಾಯಿಗೆ ಬಂದೈತೆ. ನಮಗೆ ತಪ್ಪು ಮಾಡ್ದೋರ್ನ ನಾವು ಕ್ಷಮಿಸಿದಂಗೆ ನಮ್ಮನ್ನೂ ಕ್ಷಮಿಸು ಅಂತ ಅದ್ರಾಗೆ ಬತ್ತೈತೆ. ನಿಮ್ಮಣ್ಣೋರೂ ಅದ್ನೇ ಹೇಳ್ತಾರೋ, ಇಲ್ಲ ದೊಡ್ಡೋರಿಗೆ ಬೇರೆ ಪ್ರಾರ್ಥನೆ ಐತೋ?"

ಅದರಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು. "ಎಲ್ಲರಿಗೂ ಅದೇನೇ, ಗೌರಮ್ಮನವರೇ. ನಾನೂ ಅದನ್ನೇ ಹೇಳೋದು" ಎಂದೆ. ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಅತ್ತಿಗೆಯ ಸ್ವೆಟರು ಇನ್ನೂ ಚೀಲದಲ್ಲೇ ಇತ್ತು. ತೆಗೆದು ಮಗುವಿಗೆ ತೊಡಿಸಿದೆ. ಯಾರು ಹೆಣೆದದ್ದು ಎಂದೂ ಹೇಳಿದೆ. ಕೃಪಾ ಅದರ ತೋಳನ್ನು ಬೆರಳಲ್ಲಿ ಸವರುತ್ತ ತುಂಬ ಹೊತ್ತು ಕೂತಿದ್ದಳು.

ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಹಿಂತಿರುಗಿದೆ. ಹಣೆ, ಗೂಡು, ಗೋಡೆ ಎಲ್ಲ ನೋಡಿ ಬಂದಿದ್ದೆ, ಅಣ್ಣನಿಗೆ ಒಪ್ಪಿಸಲು ಬೇಕಾದಷ್ಟು ಸುದ್ದಿ ಇತ್ತು. ಆದರೆ ಜಾವಗಲ್ ದಾಟುವಷ್ಟರಲ್ಲಿ ಒಂದು ಸ್ಪಷ್ಟವಾಯಿತು. ಆ ಮನೆಯಲ್ಲಿ ನನ್ನ ದೇವರ ಮಾತನ್ನು ಸೊಸೆಯ ಬಾಯಿಂದ ಕೇಳಿ ನಿಜವೆಂದು ನಂಬಿ ಅಣ್ಣನ ದಾರಿ ಕಾಯುತ್ತಿದ್ದವರು ಗೌರಮ್ಮ. ಅದನ್ನು ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಅಣ್ಣನೂ ನಾನೂ ಬೇರೆಯವರ ನಂಬಿಕೆ ಅಳೆಯಲು ಹೊರಟಿದ್ದೆವು. ನನ್ನ ನಂಬಿಕೆ ಇದರಿಂದ ಅಲುಗಾಡಲಿಲ್ಲ. ಮಾಡಬೇಕಾದದ್ದು ಏನೆಂದು ಗೊತ್ತಾಯಿತು, ಅಷ್ಟೇ.

ಅಣ್ಣ ಗೇಟಿನಲ್ಲೇ ನಿಂತಿದ್ದ. "ಏನು ನೋಡಿದೆ?"

"ಹೇಳಲ್ಲ. ಮೊದಲು ಪ್ರಾರ್ಥನೆಗೆ ಕೂತ್ಕೊ."

ದಿನಾ ಸಂಜೆಯಂತೆ ಮೂವರೂ ಕೂತೆವು. ಅಣ್ಣನೇ ಪ್ರಾರ್ಥನೆ ಶುರುಮಾಡಿದ. ಆ ಮಾತು ಬರುವುದಕ್ಕೆ ಮುಂಚೆ ನಾನು ಬಾಯಿ ಮುಚ್ಚಿದೆ. ಅವನೊಬ್ಬನ ದನಿಯೇ ಮುಂದುವರಿದು, "ಕ್ಷಮಿಸಿದ ಹಾಗೆ" ಎನ್ನುವಲ್ಲಿಗೆ ಬಂತು. ನಾನು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದೆ. ಅವನೂ ಕಣ್ಣು ತೆರೆದ.

"ಅವಳ ಅತ್ತೆ ಕೇಳಿದ್ರು ಅಣ್ಣ. ದೊಡ್ಡವರಿಗೆ ಬೇರೆ ಪ್ರಾರ್ಥನೆ ಇದೆಯಾ ಅಂತ. ನನಗೆ ಹೇಳೋಕೆ ಕಷ್ಟ ಆಯ್ತು."

"ನೀನು ಅವಳ ಪರ ಮಾತಾಡೋಕೆ ಬಂದಿದೀಯಾ?"

"ಇಲ್ಲ. ನೀನು, ನಾನು, ಈ ಮಾತು ನಂಬ್ತೀವಾ ಅಂತ ಕೇಳ್ತಿದೀನಿ. ಅವಳ ಲೆಕ್ಕ ಆಮೇಲೆ ನೋಡೋಣ."

ಅವನು ಪ್ರಾರ್ಥನೆ ಮುಗಿಸಲೇ ಇಲ್ಲ. ಎದ್ದು ಅಂಗಳಕ್ಕೆ ಹೋದ. ಅತ್ತಿಗೆ ಅಳುತ್ತ, ಉಳಿದ ಸಾಲುಗಳನ್ನು ಒಬ್ಬರೇ ಹೇಳಿ ಆಮೆನ್ ಅಂದರು.

ಭಾನುವಾರ ಆರಾಧನೆಯಲ್ಲಿ ಅವನು ಎಂದಿನ ಮುಂದಿನ ಬೆಂಚು ಬಿಟ್ಟು ಬಾಗಿಲ ಹತ್ತಿರ ಕೂತ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದಾಗ ಏಳಲಿಲ್ಲ. ಯಾರ ಮೇಲಾದರೂ ಮುನಿಸಿದ್ದರೆ ಮೊದಲು ರಾಜಿಯಾಗಿ ಆಮೇಲೆ ಅದನ್ನು ತೆಗೆದುಕೊಳ್ಳಬೇಕೆಂಬುದು ನಮ್ಮಲ್ಲಿರುವ ಪಾಠ. ಅವನು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಭೆ ಬಿಟ್ಟ ಮೇಲೆ, "ಶಾಂತಾ, ನಾಳೆ ಬೆಳಿಗ್ಗೆ ಹಳೇಬೀಡಿನ ಬಸ್ಸು ಎಷ್ಟೊತ್ತಿಗೆ?" ಎಂದ. ಅತ್ತಿಗೆಗೆ ಎಲ್ಲ ಬಸ್ಸುಗಳ ಹೊತ್ತೂ ಬಾಯಿಪಾಠವಾಗಿತ್ತು.

ಸೋಮವಾರ ಮೂವರೂ ಜೊತೆಯಾಗಿ ಬಸ್‌ಸ್ಟ್ಯಾಂಡಿಗೆ ಬಂದೆವು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅತ್ತಿಗೆ ಹತ್ತಿ ಕಿಟಕಿ ಪಕ್ಕದ ಸೀಟು ಅವನಿಗೇ ಬಿಟ್ಟರು. ಡ್ರೈವರ್ ಬಂದು ಎಂಜಿನ್ ಶುರುಮಾಡಿದ ಮೇಲೆ ಅಣ್ಣ ಕಿಟಕಿಯಿಂದ ಬಗ್ಗಿದ.

"ಸುಗುಣಾ, ಮಗು ಹೊಸಬರ ಹತ್ರ ಅಳುತ್ತಾ?"

"ಸ್ವಲ್ಪ ಹೊತ್ತು ಅಳುತ್ತೆ" ಎಂದೆ. "ನೀನು ಎತ್ತಿಕೊಂಡೇ ಇರು. ಸುಮ್ಮನಾಗ್ತಾಳೆ."

ಅವನು ತಲೆಯಾಡಿಸಿದ. ಬಸ್ಸು ತಿರುಗಿ ಬಾಣಾವರದ ರಸ್ತೆ ಹಿಡಿಯಿತು.