ಇಬ್ಬರ ತೂಕಕ್ಕೆ ಕೂತ ಬೆಳಕು

ಬಂಡೆಪ್ಪ ಸೊಕ್ಕಿನ ಮನುಷ್ಯ. ಪೀರನವಾಡಿಯಲ್ಲಿ ಇದನ್ನು ಅವನ ಬೆನ್ನ ಹಿಂದೆ ಆಡುತ್ತಿರಲಿಲ್ಲ, ಎದುರಿಗೇ ಹೇಳುತ್ತಿದ್ದರು. ೧೯೮೯ರ ಪಂಚಮಿಗೆ ಖಾನಾಪುರದ ತವರಿಗೆ ಹೋದ ಹೆಂಡತಿ ಭೀಮಕ್ಕ, ಗಂಡ ಕರೆಯಲು ಬರಲಿ ಎಂದು ಕಾದಳು. “ಹೋದಾಕಿಗೆ ಬರೂ ದಾರಿ ಗೊತ್ತೈತಿ” ಎಂದು ಇವನು ಕೂತ. ಹನ್ನೊಂದು ವರ್ಷ ಕಳೆದವು. ತನ್ನ ಮೋಟರ್‌ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಖೋಲಿಯಲ್ಲಿ ತಾನೇ ರೊಟ್ಟಿ ಬಡಿದುಕೊಂಡು, ಗೋಡೆ ನೋಡುತ್ತ ಉಣ್ಣುತ್ತಿದ್ದ.

ಕೆಲಸದಲ್ಲಿ ಅವನನ್ನು ಮೀರಿಸುವವರು ಬೆಳಗಾವಿಯಲ್ಲೂ ಕಡಿಮೆ. ಮಿಣುಕುವ ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ರಿಲೇ ಕೂಡಿಸಿ, ಹ್ಯಾಲೋಜನ್ ಬಲ್ಬು ಹಾಕುತ್ತಿದ್ದ. ಆಮೇಲೆ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ಸೀಮೆಸುಣ್ಣದ ಗೆರೆಗೆ ಬೆಳಕು ಕೂರಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ದಿನವೂ ಕೂಡುವವರನ್ನು ಕರೆತರದಿದ್ದರೆ ದೀಪ ಏರಿಸಿ ಇಳಿಸುವ ಸ್ಕ್ರೂ ಮುಟ್ಟುತ್ತಿರಲಿಲ್ಲ. ಹಿಂದೆ ಭಾರ ಬಿದ್ದರೆ ಬೆಳಕು ಮೇಲೇಳುತ್ತದೆ. ಎದುರಿನವನ ಕಣ್ಣು ಕುಕ್ಕುತ್ತದೆ, ತನ್ನ ದಾರಿ ಕಾಣುವುದಿಲ್ಲ. ಅವನ ಸ್ವಂತ ಗಾಡಿಯ ದೀಪ ಮಾತ್ರ ಹನ್ನೊಂದು ವರ್ಷದಿಂದ ಒಬ್ಬನ ತೂಕಕ್ಕೇ ಕೂತಿತ್ತು.

ಒಂದು ಸಂಜೆ ಭೀಮಕ್ಕನ ತಮ್ಮ ಲಕ್ಷ್ಮಪ್ಪ ಬಂದು ಗಾಡಿ ನಿಲ್ಲಿಸಿದ.

“ಲೈಟ್ ಮಾಡಿಕೊಡ್ರಿ ಮಾಂವಾರ. ವಾರಕ್ಕ ಎರಡು ಸರ್ತಿ ಅಕ್ಕನ್ನ ಬೆಳಗಾವಿ ದವಾಖಾನಿಗೆ ತರಬೇಕು. ತಿರುಗಿ ಹೋಗೂದ್ರಾಗ ಕತ್ತಲಾಗತೈತಿ. ಮೊನ್ನೆ ಎಮ್ಮಿ ಅಡ್ಡ ಬಂದಿದ್ದು ಕಾಣಲಿಲ್ಲ. ಒಂಚೂರು ತಪ್ಪಿದ್ರ ಇಬ್ಬರೂ ಗಟಾರದಾಗ ಇರ್ತಿದ್ವಿ.”

ಏನು ಜಡ್ಡು ಎಂದು ಬಂಡೆಪ್ಪ ಕೇಳಲಿಲ್ಲ. ವೈರಿನ ಕೆಲಸ ಮುಗಿಸಿ, “ಹಿಂದ ಕುಂದರಾಕಿ ಎಲ್ಲಿ?” ಎಂದ.

“ನಿಮ್ಮ ಅಂಗಡಿ ಮುಂದ ಆಕಿ ಇಳೀತಾಳೇನ್ರಿ? ನಿಮ್ಮಷ್ಟ ಸೊಕ್ಕು ಆಕಿಗೂ ಐತಿ.”

ಬಂಡೆಪ್ಪ ಒಂದು ಚೀಲಕ್ಕೆ ಮರಳು ತುಂಬಿ, ಬಾಜೂ ಜೋಳದ ಅಂಗಡಿಯ ತಕ್ಕಡಿಗೆ ಹೊತ್ತೊಯ್ದ. ಐವತ್ತೆಂಟು ಕಿಲೋ.

“ಅಷ್ಟಿಲ್ರಿ,” ಎಂದ ಲಕ್ಷ್ಮಪ್ಪ.

ಬಂಡೆಪ್ಪ ಎರಡು ಬೊಗಸೆ ಮರಳು ತೆಗೆದ.

“ಇನ್ನೂ ತಗೀರಿ.”

“ಎಷ್ಟದಾಳ ಹಂಗಾದ್ರ?”

“ಹ್ವಾದ ವಾರ ದವಾಖಾನ್ಯಾಗ ತೂಗಿದ್ರು. ನಲವತ್ತೊಂದು.”

ಬಂಡೆಪ್ಪ ಬೊಗಸೆ ಬೊಗಸೆ ಮರಳು ತೆಗೆದ. ತೂಕ ಸರಿಬರುವ ಹೊತ್ತಿಗೆ ಚೀಲದ ಹೆಗಲು ಜೋತುಬಿದ್ದಿತ್ತು. ಅದನ್ನು ಗಾಡಿಯ ಮೇಲೆ ಕೂತ ಲಕ್ಷ್ಮಪ್ಪನ ಹಿಂದೆ ಕೂರಿಸಿ ಕಟ್ಟಿ, ಬೆಳಕನ್ನು ಗೆರೆಗೆ ಇಳಿಸಿ, ಚೀಲ ಬಿಚ್ಚಿ ಕೆಳಗಿಟ್ಟ.

“ಅಕ್ಕಗ ಏನರ ಹೇಳ್ಲೇನ್ರಿ?”

“ಹಿಂದಿನ ಗಾಲಿಗೆ ಗಾಳಿ ಕಮ್ಮಿ ಆಗಾಕ ಬಿಡಬ್ಯಾಡ.”

“ಇದನ್ನ ಹೇಳ್ಲಿ ಆಕಿಗೆ?”

“ನಿನಗ ಹೇಳಿದ್ದು.”

ಲಕ್ಷ್ಮಪ್ಪನ ಗಾಡಿಯ ಕೆಂಪು ದೀಪ ಖಾನಾಪುರ ರಸ್ತೆಯಲ್ಲಿ ಮರೆಯಾಯಿತು. ಬಂಡೆಪ್ಪ ಮರಳು ಸುರುವಲಿಲ್ಲ. ತನ್ನ ಗಾಡಿಯನ್ನು ಗೋಡೆಯೆದುರಿಗೆ ತಂದು, ಆ ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿದ. ಮುಂದೆ ಕೂತು ದೀಪ ಹಚ್ಚಿದ. ಬೆಳಕು ಗೆರೆಗಿಂತ ಗೇಣುದ್ದ ಮೇಲೆ ಬಿತ್ತು. ಇಳಿದು ಸ್ಕ್ರೂ ತಿರುವಿದ, ಮತ್ತೆ ಹತ್ತಿ ಕೂತು ನೋಡಿದ, ಮತ್ತೆ ಇಳಿದ.