ಮಾರೆಣ್ಣನ ಕಾಗೆಬಂಗಾರ

ಕುರುಗೋಡಿನಲ್ಲಿ ನನ್ನ ಟೈಲರ್ ಅಂಗಡಿಗೆ ಅಂಟಿಕೊಂಡೇ ಮಾರೆಣ್ಣನ ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ. ಬಳ್ಳಾರಿಯಲ್ಲಿ ಕೆಲಸ ಕಲಿತು ಬಂದವ. ಕರೆಂಟಿನ ಇಸ್ತ್ರಿಯೊಳಗೆ ಕಾಯುವ ತಂತಿಗೂ ಕಬ್ಬಿಣಕ್ಕೂ ನಡುವೆ ಕಾಗೆಬಂಗಾರದ ಹಾಳೆ ಇರುತ್ತದೆ. ಶಾಖವನ್ನು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಅದನ್ನು ಇವನು ಉಗುರಿನಿಂದ ಪದರ ಪದರವಾಗಿ ಬಿಡಿಸುವುದನ್ನು ನೋಡಬೇಕು. ಹೊಳೆದರೂ ಬಂಗಾರವಲ್ಲ, ಅದಕ್ಕೇ ಜನ ಆ ಹೆಸರಿಟ್ಟರು. ಶಾಲೆಯ ಸರಸ್ವತಿಬಾಯಿಯವರು, "ಪುಸ್ತಕದಾಗ ಅಭ್ರಕ ಅಂತಾರ್ರಿ. ಅಭ್ರ ಅಂದ್ರ ಮೋಡ" ಎಂದ ದಿನದಿಂದ ಇವನ ಗತ್ತು ಕೇಳಬೇಡಿ. "ಮೋಡದ ಕಲ್ಲು ಐತಿ, ಅದಕ್ಕ ಸಿಡ್ಲು ಕಟ್ಟಿಹಾಕತೈತಿ" ಅನ್ನುತ್ತಿದ್ದ.

ಎಪ್ಪತ್ತೇಳರಲ್ಲಿ ಗೂಡೂರಿನ ಗಣಿಯಿಂದ ಬರುವ ಹಾಳೆ ನಿಂತುಹೋಯಿತು. ಈ ಪುಣ್ಯಾತ್ಮ ಗುಡ್ಡದ ಬುಡದಲ್ಲಿ ಬಾವಿ ತೋಡಿದ ಮಣ್ಣಿನಿಂದ ಕಾಗೆಬಂಗಾರ ಆರಿಸಿ ತಂದ. ಅದರ ಮೈತುಂಬ ಕೆಂಪು ಚುಕ್ಕೆ. "ನಮ್ಮ ಮಣ್ಣಿನ ಬಣ್ಣ ನೋಡ್ಲೇ" ಎಂದು ಹಿಗ್ಗಿದ. ಒಂದೇ ತುಂಡನ್ನು ಸೀಳಿ ಅರ್ಧ ನನ್ನ ಇಸ್ತ್ರಿಗೆ, ಅರ್ಧ ಸಿರುಗುಪ್ಪದ ಜಂಬಮ್ಮನ ಇಸ್ತ್ರಿಗೆ ಹಾಕಿದ. ಇಸ್ತ್ರಿ ಕಾಯುವ ಮೊದಲೇ ಟೆಸ್ಟರ್ ಹಿಡಿದ; ಅದು ಹೊತ್ತಲಿಲ್ಲ, ಎರಡೂ ಸರಿ ಅಂದ. ಜಂಬಮ್ಮ ಅಕ್ಕಿಗಿರಣಿ ಗುಮಾಸ್ತರ ಬಟ್ಟೆಗೆ ಇಸ್ತ್ರಿ ಹಾಕಿ ಬದುಕುವ ಹೆಂಗಸು. ಸಂಜೆ ಬಸ್ಸಿಗೆ ಒಯ್ದಳು.

ಮರುದಿನ ಬೆಳಿಗ್ಗೆ ನನ್ನ ಇಸ್ತ್ರಿ ಚೆನ್ನಾಗಿ ಕಾದಿತು, ಕಾದದ್ದೇ ನನ್ನನ್ನು ಒದ್ದು ಗೋಡೆಗೆ ಒಗೆಯಿತು.

"ಲೇ ಮಾರ, ನನ್ನ ಕೊಲ್ಲಾಕ ನಿಂತಿಯೇನ್ಲೇ!"

ಅವ ಬಿಚ್ಚಿ ನೋಡಿ ಬಿಳುಚಿಕೊಂಡ. "ಈ ಚುಕ್ಕಿ ಕಬ್ಬಿಣದ್ದು, ಕಾದ ಮ್ಯಾಲ ಕರೆಂಟ್ ಬಿಡತೈತಿ. ಬಳ್ಳಾರಿ ಉಸ್ತಾದ್ ಹೇಳಿದ್ದ, ನಾನಽ ಮರೆತೆ. ಜಂಬಮ್ಮ ಬರಿಗಾಲಾಗ ಹಸಿ ನೆಲದ ಮ್ಯಾಲ ನಿಂತಿರ್ತಾಳೋ!"

ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಬೈಯಬೇಕೆಂದಿದ್ದ ನಾನು, ಅವನ ಮುಖ ನೋಡಿ ಅವನ ಟಿಕೆಟ್ಟನ್ನೂ ನಾನೇ ತೆಗೆಸಿದೆ.

ಜಂಬಮ್ಮ ನೀರು ಚಿಮುಕಿಸಿದ ಅಂಗಿಯ ಮೇಲೆ ಇಸ್ತ್ರಿ ಹಿಡಿದು ನಿಂತಿದ್ದಳು. ಮಾರೆಣ್ಣ ಓಡಿಹೋಗಿ ಪ್ಲಗ್ ಕಿತ್ತ.

"ಏನ್ ದಾಡಿ ಬಂತೋ ನಿನಗ? ಮುಂಜಾನಿಯಿಂದ ಕರೆಂಟಿಲ್ಲ, ಯಾವಾಗ ಬರತೈತೋ ಅಂತ ನಾ ಕಾಯಾಕತ್ತೀನಿ!"

ಆಕೆ ಬೈಯುತ್ತಿರುವಾಗಲೇ ಮೇಲಿನ ಬಲ್ಬು ಹತ್ತಿತು.

ಮಾರೆಣ್ಣ ಆಕೆಯನ್ನು ದೂರ ನಿಲ್ಲಿಸಿ, ಪ್ಲಗ್ ಹಾಕಿ, ಇಸ್ತ್ರಿ ಕಾಯುವ ತನಕ ಕಾದು ಟೆಸ್ಟರ್ ಮುಟ್ಟಿಸಿದ. ಟೆಸ್ಟರ್ ಕೆಂಪಗೆ ಹೊತ್ತಿತು. "ತಪ್ಪು ನಂದವ್ವ. ಕೆಟ್ಟ ಹಾಳಿ ಹಾಕಿದ್ದೆ."

ಜಂಬಮ್ಮ ಇಸ್ತ್ರಿ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡಳು. "ನೀ ಬಂದು ಹೇಳದಿದ್ರ ನನಗ ಗೊತ್ತಽ ಆಗ್ತಿರಲಿಲ್ಲ."

"ಗೊತ್ತಾಗಾಕ ನೀ ಇರ್ತಿರಲಿಲ್ಲವ್ವ" ಎಂದವನೇ ಅಲ್ಲೇ ನೆಲದ ಮೇಲೆ ಕೂತು ಅತ್ತ. ನನಗೂ ಕಣ್ಣು ತುಂಬಿ ಬಂತು.

ಆಕೆ ಪ್ಲಗ್ ಕಿತ್ತು, ಇಸ್ತ್ರಿ ಆರಿದ ಮೇಲೆ ಅವನ ತೊಡೆಯ ಮೇಲೆ ಇಟ್ಟಳು. "ಒಯ್ದು ಸರಿ ಮಾಡಿಕೊಂಡು ಬಾ. ಬ್ಯಾರೆ ಯಾರಿಗೂ ನಾ ಕೊಡಂಗಿಲ್ಲ."